ತಂತಿ

ಪರದೆಯ ಮೇಲೆ ಹಿಮ ಬೀಳುತ್ತಿದೆ.
ಯಾವ ದೇಶವೋ, ಹೆಸರು ಓದುವಷ್ಟರಲ್ಲಿ ಅಳಿಸಿಹೋಯಿತು.
ಕುರಿ ಕಾಯುವವನೊಬ್ಬನನ್ನು ಸಿಪಾಯಿಗಳು
ಹಟ್ಟಿಯಿಂದ ಎಳೆದು ತರುತ್ತಾರೆ,
ಅವನ ಒಂದು ಕಾಲಲ್ಲಿ ಮಾತ್ರ ಬೂಟು.
ದಾವಣಗೆರೆಯ ಟಾಕೀಸಿನ ಫ್ಯಾನು ಕಿರ್ರೆನ್ನುತ್ತದೆ,
ಪಕ್ಕದಲ್ಲಿ ಶಶಿಕಲಾ ಮೂಗೊರೆಸಿಕೊಳ್ಳುತ್ತಾಳೆ.

ನನಗೆ ಅದು ಹಿಮವಲ್ಲ, ಅರಳೆ.

ಅರವತ್ತೈದನೇ ಇಸವಿ. ಭರಮಸಾಗರದಾಚೆ ನಮ್ಮೂರು.
ಅಪ್ಪ ಗುಡುಸಾಬ, ಪಿಂಜಾರ.
ಹಗಲು ಕಂಡವರ ಹೊಲ, ರಾತ್ರಿ ಬುಡ್ಡಿದೀಪದಲ್ಲಿ
ಬಿಲ್ಲಿಗೆ ನರದ ತಂತಿ ಬಿಗಿದು
ಡಂಯ್ ಟಕಟಕ ಡಂಯ್.
ಅವನ ಹುಬ್ಬು, ಮೀಸೆ, ನಮ್ಮ ಸಾರಿನ ಗಡಿಗೆ
ಎಲ್ಲ ಬೆಳ್ಳಗೆ.
ಪಟೇಲರ ಮಗಳ ಮದುವೆಗೆ ಎಂಟು ಹಾಸಿಗೆ ಒಪ್ಪಿಕೊಂಡಿದ್ದ.

ಪಂಚಾಯ್ತಿ ರೇಡಿಯೋ ಕೆಮ್ಮಿ ಕೆಮ್ಮಿ ಯುದ್ಧ ಎಂದಿತು.
ವೈರಿಗಳು ಆಕಾಶದಿಂದ ಕೊಡೆ ಹಿಡಿದು ಇಳೀತಾರಂತೆ,
ಕೊಡೆ ಬೆಳ್ಳಗಿರುತ್ತಂತೆ.
ಯಾರು ಮೊದಲು ಅಂದರೋ,
ಸಾಬ ರಾತ್ರಿಯೆಲ್ಲ ತಂತಿ ಹೊಡೀತಾನೆ,
ಪೋಸ್ಟಾಫೀಸಿನ ಮೆಶೀನೂ ಹಿಂಗೇ ಬಡಿಯೋದು.

ಒಂದೇ ಮಾತು, ಎರಡು ಅರ್ಥ,
ನಡುವೆ ನಮ್ಮಪ್ಪ.

ಪಂಚನಾಮೆ ಬರೆದರು. ಬಿಲ್ಲು ಒಂದು. ಕೊಡತಿ ಒಂದು.
ನರ ಒಂದು ಎಳೆ. ಹತ್ತಿ ಅಂದಾಜು ಮೂರು ಮಣ.
ಬೇವಿನ ಮರಕ್ಕೆ ಕಟ್ಟಿ ಕೇಳಿದರು:
ಯಾರಿಗೆ ಕಳಿಸಿದೆ, ಏನು ಕಳಿಸಿದೆ?
ಅವನಿಗೆ ಗೊತ್ತಿದ್ದ ವಿಳಾಸ ಒಂದೇ,
ಹೊಳಲ್ಕೆರೆಯ ನನ್ನ ಸೋದರತ್ತೆಯದು.
ಹೇಳಿದ.
ಮಾರನೇ ದಿನ ಅವಳ ಮನೆಯ ನೆಲ ಅಗೆದರು.

ಇಪ್ಪತ್ತೆರಡು ದಿನ ದುರ್ಗದ ಲಾಕಪ್ಪು.
ಯುದ್ಧ ನಿಂತಿತು, ಅಪ್ಪ ಬಂದ,
ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.
ತಪ್ಪಾಯ್ತೆನ್ನುವ ಕಾಗದ ಬರಲಿಲ್ಲ. ಬಿಲ್ಲೂ ಬರಲಿಲ್ಲ.
ಪಟೇಲರ ಆಳು ಮಾತ್ರ ಬಂದ:
ಐದಾಗಿದೆಯಲ್ಲ, ಉಳಿದ ಮೂರು ಯಾವಾಗ?

ಪರದೆಯ ಮೇಲೆ ಕುರಿಗಾಹಿ
ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಪಿಟೀಲು ಏರುತ್ತಿದೆ.
ಅಪ್ಪನಿಗೆ ಪಿಟೀಲು ಎಲ್ಲಿಂದ ಬರಬೇಕು,
ಇದ್ದೊಂದು ತಂತಿಯೂ ಜಪ್ತಿಯಾಗಿತ್ತು.

ಶಶಿಕಲಾ ನನ್ನ ಕೈ ಹಿಡಿದುಕೊಂಡಳು.
ಆ ಮದುವೆಯ ಮಗಳು ಇವಳು.
ಟಿಕೆಟು ಅವಳದೇ, ಮಂಡಕ್ಕಿ ಪೊಟ್ಟಣವೂ ಅವಳದೇ.
"ಎಂಥಾ ಜನ ಇಮಾಂಬಿ, ಕಣ್ಣಾಗೆ ರಕ್ತ ಇಲ್ಲದೋರು.
ಪುಣ್ಯಕ್ಕೆ ನಮ್ಮ ಕಡೆ ಹಿಂಗೆಲ್ಲ ಇಲ್ಲಪ್ಪ."

ಹುಟ್ಟಿದಾಗ ಇವಳನ್ನು ಮಲಗಿಸಿದ್ದು
ಆ ಐದರಲ್ಲೊಂದರ ಮೇಲೆ.
ಹೇಳೋಣವೆಂದು ಬಾಯಿ ತೆರೆದೆ.

ಇಂಟರ್ವಲ್ಲಿನ ದೀಪ ಹತ್ತಿತು.
ಅವಳ ಸೆರಗಿನ ಮೇಲೆ ಬೆಳ್ಳಗೆ
ಒಂದು ಮಂಡಕ್ಕಿ ಕಾಳಿತ್ತು, ತೆಗೆದೆ.