ಹೊಟ್ಟೆಯ ನೀರು ಅಲುಗದ ಹಾಗೆ

ಗ್ರೆಟ್ಸ್ಯಾ ಬಂದದ್ದು ಶನಿವಾರ, ಷೆಡ್ಡು ಮುಚ್ಚುವ ಹೊತ್ತಿಗೆ.
'ಅಪ್ಪನ ಬೆನ್ನು ಮುರಿಯುತ್ತಿದೆ ಈ ಕಾರು,' ಅಂದಳು
ಬಾನೆಟ್ಟಿಗೊಂದು ಗುದ್ದಿ.
ಐವತ್ತೇಳರ ಮೋರಿಸ್ ಮೈನರ್.
ಒಂದೇ ಗುದ್ದಿಗೆ ನಾಲ್ಕು ಸಲ ತಲೆದೂಗಿತು,
ಹೌದು ಹೌದು ಹೌದು ಹೌದು.

ನಮ್ಮ ಗೋಝೊ ಅಂಗೈಯಗಲದ ದ್ವೀಪ.
ಸುಣ್ಣಕಲ್ಲಿನ ಮೇಲೆ ಟಾರು, ಟಾರಿನ ಮೇಲೆ ತೇಪೆ,
ಚುನಾವಣೆಗೊಮ್ಮೆ ತೇಪೆಯ ಮೇಲೆ ತೇಪೆ.
ಇಂಥ ದಾರಿಯಲ್ಲಿ ಮೂವತ್ತೊಂದು ವರ್ಷ
ಹಿಂದಿನ ಸೀಟು ಕಿತ್ತುಹಾಕಿ ವಿಸ್ತಿನ್ ರೊಟ್ಟಿ ಸಾಗಿಸಿದ
ನದೂರಿನ ಒಲೆಯಿಂದ ಬಂದರಿನವರೆಗೆ,
ಬೆಳಗಿನ ಮೊದಲ ಹಡಗಿಗೆ, ಬಿಸಿ ಆರುವ ಮುಂಚೆ.
ಈಗ ಕಣ್ಣಿಲ್ಲ. ಸಕ್ಕರೆ ಕಾಯಿಲೆ ಎರಡನ್ನೂ ಒಯ್ದಿತು.
ಶುಕ್ರವಾರ ಶುಕ್ರವಾರ ಮಗಳು ಕರೆದೊಯ್ಯುತ್ತಾಳೆ,
ಬಂದರಿನ ಕಟ್ಟೆಯ ಮೇಲೆ
ಹಳೆಯ ಗೆಳೆಯರು ಆಡುವ ಇಸ್ಪೀಟು ಕೇಳುವುದಕ್ಕೆ.

ಚಕ್ರ ಕಳಚಿದೆ.
ಆ ಕಾಲದ ಶಾಕ್ ಅಬ್ಸಾರ್ಬರ್ ಅಂದರೆ ಎರಕದ ಒಂದು ಡಬ್ಬಿ,
ಒಳಗೆ ಎಣ್ಣೆ, ಹೊರಗೆ ಒಂದು ತೋಳು.
ಎಣ್ಣೆ ಯಾವ ಕಾಲಕ್ಕೋ ಸೋರಿ ಕಪ್ಪು ಜಿಡ್ಡು,
ಜಿಡ್ಡಿನ ಮೇಲೆ ಎಷ್ಟೋ ಬೇಸಿಗೆಗಳ ಬಿಳಿ ಧೂಳು.
ಉಗುರಿನಿಂದ ಕೆರೆದರೆ ಗೋಧಿಹಿಟ್ಟೂ ಇತ್ತು. ಆಣೆ.

ಹಿಂದಿನ ಎರಡನ್ನೂ ಬಿಚ್ಚಿ ಗುಜರಿಗೆ ಎಸೆದೆ.
ಮುಂದಿನವನ್ನು ಹಾಗೆ ಎಸೆಯುವಂತಿಲ್ಲ.
ಈ ಕಾರಿನಲ್ಲಿ ಚಕ್ರದ ನೆತ್ತಿ ಹಿಡಿದು ನಿಲ್ಲಿಸಿರುವುದೇ ಆ ತೋಳು.
ಹೊಸ ಕೊಳವೆಯನ್ನು ಪಕ್ಕಕ್ಕೆ ಕೂರಿಸಿ, ಬ್ರಾಕೆಟ್ ಬಿಗಿದು,
ಹಳೆಯದರ ಕವಾಟ ಕಿತ್ತೆ,
ಕೀಲು ಒಣಗದಿರಲೆಂದು ಚೂರು ಎಣ್ಣೆ ಬಿಟ್ಟೆ.
ಕುಣಿತ ತಡೆಯುವ ಕೆಲಸ ಇನ್ನು ನಿನ್ನದಲ್ಲ ಮಾರಾಯ,
ಹಿಡಿದುಕೊಂಡಿರು, ಸಾಕು.

ಬಾನೆಟ್ ಗುದ್ದಿದೆ.
ತಗ್ಗಿತು, ಎದ್ದಿತು, ನಿಂತಿತು.
ಒಂದೇ ಹೌದು.

ಶುಕ್ರವಾರ ನಾನೂ ಹತ್ತಿದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.
ಹೊಟ್ಟೆಯ ನೀರು ಅಲುಗಲಿಲ್ಲ.
ಗ್ರೆಟ್ಸ್ಯಾ ಕನ್ನಡಿಯೊಳಗಿಂದ ನನ್ನತ್ತ ನಕ್ಕಳು.
ಇಳಿಜಾರು ಅರ್ಧ ಮುಗಿದಾಗ ವಿಸ್ತಿನ್ ಕೇಳಿದ,
'ಯಾಕೆ, ಇನ್ನೂ ಹೊರಡಲಿಲ್ಲವೇ?'

'ಅರ್ಧ ದಾರಿ ಬಂದೆವಲ್ಲ, ಅಪ್ಪ.'
'ಹಾಗಿದ್ದರೆ ಚಾಪೆಲ್ ಎಲ್ಲಿ ಹೋಯಿತು?'

ಚಾಪೆಲಿನ ತಿರುವಿಗೆ ಎರಡು ಕುಟ್ಟು, ಒಂದರ ಹಿಂದೆ ಒಂದು.
ಕಾರ್ಮ್ನಾಳ ಮನೆಯೆದುರಿನ ಗುಂಡಿ, ಎಡ ಸೊಂಟಕ್ಕೆ.
ಕರೋಬ್ ಮರದ ಬೇರು ಟಾರನ್ನು ಎತ್ತಿದಲ್ಲಿ
ಹಲ್ಲಿಗೆ ಹಲ್ಲು.
ಅವನ ಕೈ ಡ್ಯಾಶ್‌ಬೋರ್ಡನ್ನು ತಡವುತ್ತಿತ್ತು,
ಕರೆಂಟು ಹೋದ ಕೋಣೆಯಲ್ಲಿ ಗೋಡೆ ಹುಡುಕುವ ಹಾಗೆ.
ಮೈಯೆಲ್ಲ ಕಿವಿಯಾಗಿ ಓದುತ್ತಿದ್ದ ದಾರಿಯ ಅಕ್ಷರ ಅಕ್ಷರವನ್ನೂ
ಅಳಿಸಿಬಿಟ್ಟಿದ್ದೆ ನಾನು,
ನಾನ್ನೂರು ಯೂರೋ ಎಣಿಸಿಕೊಂಡು.

ಹೊಸ ಕೊಳವೆಯ ಪಕ್ಕೆಯಲ್ಲೊಂದು ತಿರುಪು ಇರುತ್ತದೆ,
ತಿರುಗಿಸಿದಷ್ಟೂ ಗಡಸು. ಒಟ್ಟು ಹದಿನಾಲ್ಕು ಟಿಕ್ಕು.
ಕಲ್ಲುಗೋಡೆಯ ಪಕ್ಕ ನಿಲ್ಲಿಸಿ, ಅಂಗಿಯ ಆಸೆ ಬಿಟ್ಟು,
ಕಾರಿನ ಅಡಿಗೆ ತೂರಿದೆ.
ಮೂರು ಟಿಕ್ಕು. ತಿರುಗಿ ಮೇಲೆ ಹೋಗಿ ಇಳಿದೆವು. ಇಲ್ಲ.
ಆರು. ಇಲ್ಲ.
ಕಿಟಕಿಯಲ್ಲಿ ಬೀನ್ಸು ಬಿಡಿಸುತ್ತಿದ್ದ ಕಾರ್ಮ್ನಾ
ನಾವು ನಾಲ್ಕನೇ ಸಲ ಹಾದಾಗ ಶಿಲುಬೆಯ ಗುರುತು ಮಾಡಿಕೊಂಡಳು.
ಒಂಬತ್ತಕ್ಕೆ, 'ಚಾಪೆಲ್,' ಅಂದ ಮುದುಕ.
ಹನ್ನೊಂದಕ್ಕೆ, 'ಕಾರ್ಮ್ನಾ. ಇನ್ನೂ ಬದುಕಿದ್ದಾಳೆಯೇ?'
ಗ್ರೆಟ್ಸ್ಯಾ ತನ್ನ ಸೊಂಟ ಒತ್ತಿಕೊಂಡು
ಇಷ್ಟು ಸಾಕು ಎಂದು ಕಣ್ಣಲ್ಲೇ ಬೇಡಿದಳು.

ಕರೋಬ್ ಮರ ಬರುತ್ತಿತ್ತು.
ಅವನು ದವಡೆ ಬಿಗಿಹಿಡಿದು ಕಾಯುತ್ತಿದ್ದ.
ಇಷ್ಟು ವರ್ಷ ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸಿದವಳು
ಸ್ಟಿಯರಿಂಗ್ ಎಳೆದು
ಎಡದ ಚಕ್ರವನ್ನು ಬೇಕೆಂದೇ ಬೇರಿನ ಮೇಲೆ ಹತ್ತಿಸಿದಳು.

ಮೂವರ ಹಲ್ಲೂ ಕಟಕ್ಕೆಂದವು.

'ಹಾಂ,' ಅಂದ ವಿಸ್ತಿನ್, ಸೀಟಿಗೆ ಬೆನ್ನು ಕೊಟ್ಟು.
'ಕಿಟಕಿ ಇಳಿಸು ಮಗಳೇ. ಇನ್ನು ಉಪ್ಪಿನ ವಾಸನೆ.'