ಹಂದಿಬೆನ್ನು

ವಾರಕ್ಕೆ ಮೂರು ಡಾಲರ್, ಊಟ ವಸತಿ ಸೇರಿ.
ಬಂದವನು ಎಲ್ಕಾನಾ ಟ್ರಾಸ್ಕ್ ಅಂತ, ಬಾಸ್ಟನ್ನಿನವನು.
ಕೈಯಲ್ಲೊಂದು ಪೆಟ್ಟಿಗೆ, ಹೆಗಲಲ್ಲಿ ಮೂರು ಕಾಲಿನ ಹಲಗೆ,
ಮೈಯೆಲ್ಲ ಅಗಸೆ ಎಣ್ಣೆಯ ವಾಸನೆ.
ನನ್ನ ಜೋಳದ ರೊಟ್ಟಿಗೂ ಹತ್ತಿತು ಅದು, ಜೂನ್ ಪೂರ್ತಿ.

ಬೆಳಗಾದರೆ ಬಂಡೆಯ ಮೇಲೆ.
ನಾವು ಕಾಡ್ ಮೀನು ಸೀಳಿ, ಉಪ್ಪು ತಿಕ್ಕಿ,
ತಟ್ಟಿಗಳ ಮೇಲೆ ಮಗುಚಿ ಹಾಕುತ್ತ ನೊಣ ಓಡಿಸುತ್ತಿದ್ದರೆ
ಆತ ಕಣ್ಣು ಕಿರಿದು ಮಾಡಿ ನೀರು ನೋಡುತ್ತ ಕೂತಿರುತ್ತಿದ್ದ,
ಸಾಲ ತೀರಿಸಬೇಕಾದವನ ದಾರಿ ಕಾಯುವ ಹಾಗೆ.
"ಇದೂ ಒಂದು ಕೆಲಸವಾ?" ಅಂದ ಮೈದುನ ಓಬೆಡ್.
ನಾನೇನು ಹೇಳಲಿ?
ಶನಿವಾರ ತಪ್ಪದೆ ದುಡ್ಡು ಎಣಿಸುತ್ತಿದ್ದ.

ಆಗಸ್ಟಿನಲ್ಲಿ ಒಂದು ದಿನ ಕರೆದು ತೋರಿಸಿದ.
ಕೈ ಒರೆಸಿಕೊಂಡು ನಿಂತೆ.
ಈರುಳ್ಳಿಯ ಒಳಪದರದಂಥ ಆಕಾಶ,
ಹಾಯಿ ಜೋತುಬಿದ್ದ ಒಂದು ಸ್ಕೂನರ್,
ಗಾಳಿಗೆ ಒಂದೇ ಕಡೆ ಬಾಗಿದ ನಮ್ಮ ಸ್ಪ್ರೂಸ್ ಮರಗಳು,
ದೂರದಲ್ಲಿ ಉಗುರಿನಷ್ಟು ನನ್ನ ಮನೆ,
ಹಗ್ಗದ ಮೇಲೆ ಮೂರು ಅಂಗಿ.
ಮೂರೂ ಓಬೆಡನವು.
ಎಲ್ಲ ಇತ್ತು.

"ಹಂದಿಬೆನ್ನು ಎಲ್ಲಿ?" ಅಂದೆ.

"ಇದು ತುಂಬು ಉಬ್ಬರದ ಹೊತ್ತು, ಮಿಸೆಸ್ ಪಿಂಕಮ್.
ಬಂಡೆ ಎಂಟಡಿ ನೀರಿನ ಕೆಳಗಿದೆ.
ಕಾಣದ್ದನ್ನು ನಾನು ಬರೆಯುವುದಿಲ್ಲ."

ಟಾರ್ಬೆಲ್ ಕೊಲ್ಲಿಯಲ್ಲಿ ಅದು ಕಾಣದ ಹೊತ್ತು ಯಾವುದು, ಮಹರಾಯ?
ಹಸು ಕರೆಯುವಾಗ ಕಾಣುತ್ತದೆ.
ಚರ್ಚಿನಲ್ಲಿ ಕಣ್ಣು ಮುಚ್ಚಿದರೆ ಕಾಣುತ್ತದೆ.
ಇಲ್ಲಿನ ಮಕ್ಕಳು ಅಡಿಗೆಮನೆಯ ನೆಲದ ಮೇಲೆ
ಕಟ್ಟಿಗೆಯ ದೋಣಿ ಎಳೆದು ಆಡುವಾಗಲೂ
ಒಲೆಯ ಮೂಲೆಯೊಂದನ್ನು ಸುತ್ತುಹಾಕಿಯೇ ಹೋಗುತ್ತವೆ.
ಯಾರೂ ಕಲಿಸಿದ್ದಲ್ಲ.
ಜೋತಮ್ ಹೋದದ್ದೂ ಇಂಥದೇ ಬೆಳಗು.
ಗಾಳಿಯಿಲ್ಲ, ಅಲೆಯಿಲ್ಲ, ನೀರು ತುಪ್ಪದ ಹಾಗೆ.
ಹೊಸಬ ಒಬ್ಬ ಚುಕ್ಕಾಣಿ ಹಿಡಿದಿದ್ದನಂತೆ.
ಐದು ಜನ. ಎರಡು ಟೋಪಿ ಸಿಕ್ಕವು.

ಇಷ್ಟೆಲ್ಲ ಆತನಿಗೆ ಹೇಳಿದೆನೆ? ಇಲ್ಲ.
"ನಿಮ್ಮ ಹಡಗು ಅದರ ಮೇಲೇ ಕೂತಿದೆ" ಅಂದೆ, ಅಷ್ಟೆ.
ಹೋಗಿ ಮೀನು ಮಗುಚಿದೆ.

ಎರಡು ದಿನ ಕುಂಚ ಮುಟ್ಟಲಿಲ್ಲ ಆತ.
ಮೂರನೆಯ ದಿನ ಚಾಕು ತೆಗೆದು
ಸ್ಕೂನರನ್ನು ಬುಡದವರೆಗೆ ಕೆರೆದ.
ಎರಡು ಬೆರಳು ಪೂರ್ವಕ್ಕೆ, ಆಳದ ಕಾಲುವೆಯಲ್ಲಿ
ಮತ್ತೆ ತೇಲಿಬಿಟ್ಟ.
ಖಾಲಿಯಾದ ಜಾಗದಲ್ಲಿ ಬಂಡೆ ಬರೆಯಲಿಲ್ಲ, ಹಟಮಾರಿ.
ಅಂಗೈಯಷ್ಟು ನೀರು ಮಾತ್ರ ಒಂದಿಷ್ಟು ಹಸಿರಾಯಿತು,
ನಿದ್ದೆಯಲ್ಲಿ ಹೆಸರು ಕೇಳಿದವರ ಹಣೆಯ ಹಾಗೆ
ಸಣ್ಣಗೆ ಸುಕ್ಕಾಯಿತು.

ಅದೀಗ ಚಹಾ ವ್ಯಾಪಾರಿಯೊಬ್ಬನ ಬೆಂಕಿಗೂಡಿನ ಮೇಲಿದೆಯಂತೆ.
"ಏನು ಶಾಂತಿ!" ಅನ್ನುತ್ತಾರಂತೆ ಬಂದವರು.
ಕಾಗದ ಓದಿ ಹೇಳಿದ ಓಬೆಡ್ ನಕ್ಕ.

ಕೆರೆದ ಬಣ್ಣವನ್ನು ಆತ ಒರೆಸಿದ್ದು
ನನ್ನ ಹಿತ್ತಿಲ ಮೆಟ್ಟಿಲಿನ ಕಲ್ಲಿಗೆ.
ಬೂದಿ ಹಾಕಿ ಉಜ್ಜಿದೆ, ಮರಳು ಹಾಕಿ ಉಜ್ಜಿದೆ.
ಅರ್ಧ ಹಾಯಿ ಹಾಗೇ ಇದೆ.
ಬಕೆಟ್ಟು ಹಿಡಿದು ಇಳಿಯುವಾಗ
ಅದರ ಮೇಲೆ ಕಾಲಿಡದೆ ದಾಟುತ್ತೇನೆ.