ಪಟ್ಟೆ ತಪ್ಪಿದ್ದು

ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ
ಕಿಟಕಿಯ ಕಟ್ಟೆ ನನ್ನ ಕಣ್ಣಿಗೆ ಸಮ.
ಆಚೆ ಒಂದು ಎಕ್ಕದ ಗಿಡ.
ನೆಟ್ಟವರಿಲ್ಲ. ನುಂಕೆಮಲೆಯ ಗಾಳಿ
ಬೀಜ ಹೊತ್ತು ತಂದು ಮೊಳಕಾಲ್ಮೂರಿನ
ಈ ಚರಂಡಿಯ ಬಾಯಿಗೆ ಚೆಲ್ಲಿರಬೇಕು.
ಶನಿವಾರ ಯಾರೋ ಬಂದು ಹೂ ಕಿತ್ತೊಯ್ಯುತ್ತಾರೆ,
ಉಳಿದ ವಾರವೆಲ್ಲ ಅದು ಹುಳುಗಳದ್ದು.

ಈ ಸಲ ಹನ್ನೆರಡು.
ಕಂಡಿಕೆ ಸುತ್ತುವ ತಿಪ್ಪೇಶಿ ಎಣಿಸಿ
ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ್ದ.
ಕಪ್ಪು, ಬಿಳಿ, ನಡುವೆ ಅರಿಶಿನದ ಬೊಟ್ಟು, ಮತ್ತೆ ಕಪ್ಪು,
ಬೆನ್ನಿಗೆ ಮೂರು ಜೊತೆ ಕರಿ ಎಳೆ, ಬುಡಕ್ಕೆ ಕುಂಕುಮ.
ಮೂವತ್ತು ವರ್ಷ ನೂಲು ಎಣಿಸಿದ ಕಣ್ಣು ನನ್ನದು,
ಸುಮ್ಮನೆ ನೋಡುವುದು ಅದಕ್ಕೆ ಬರುವುದಿಲ್ಲ.

"ಅಕ್ಕ, ಇದಕ್ಕೆ ನೂಲು ಸಾಲಲಿಲ್ಲ" ಎಂದ ಹುಡುಗ.
ಹೌದು. ನಾಲ್ಕನೆಯ ಪಟ್ಟೆಯ ತನಕ ಸರಿ,
ಅಲ್ಲಿಂದ ಕಪ್ಪಿಗೆ ಕಪ್ಪೇ ತಗುಲಿ ಹಳದಿ ಬಿಟ್ಟುಹೋಗಿದೆ,
ನಿದ್ದೆಗಣ್ಣಲ್ಲಿ ಲಾಳಿ ಒಗೆದ ಹಾಗೆ.
ನಡುವಿನ ಜೊತೆಯಲ್ಲಿ ಒಂದೇ ಎಳೆ.
ಉಳಿದವು ಕಿರುಬೆರಳುದ್ದ, ಇದು ಅದರ ಉಗುರಿನಷ್ಟು.
ಸಾಹುಕಾರರಾದರೆ ಮಡಿಕೆ ಬಿಚ್ಚಿ
ಸರಿಯಾಗಿ ಅಲ್ಲಿಗೇ ಹೆಬ್ಬೆರಳಿಟ್ಟು
"ಇದು ನಡೆಯಲ್ಲ ಕಣಮ್ಮ" ಅಂದು
ಕೂಲಿಯಲ್ಲಿ ಇನ್ನೂರು ಮುರಿಯುತ್ತಿದ್ದರು.

ಪೊರೆ ಬಿಡುವ ದಿನ
ಹಳೆಯ ತಲೆಚಿಪ್ಪು ಬಾಯಿಗೆ ಕಚ್ಚಿಕೊಂಡಿತು.
ಎಲೆಯ ಮೇಲೇ ಇದ್ದು ಎಲೆ ಸಿಗದೆ
ಒಂದು ಹಗಲು, ಒಂದು ರಾತ್ರಿ ತಲೆ ತೂಗಿತು.
ಹರಿದ ಎಳೆ ಎತ್ತುವ ಸೂಜಿಯ ಮೊಂಡು ತುದಿಗೆ
ಉಗುಳು ಹಚ್ಚಿ, ಉಸಿರು ಹಿಡಿದು, ನಾನೇ ಜಾರಿಸಿದೆ.
ಸಾಸಿವೆಗಿಂತ ಚಿಕ್ಕ ಟೊಪ್ಪಿಗೆ.
ತಿಂದಿತು.

ಅಷ್ಟರಲ್ಲಿ ಉಳಿದವುಗಳ ಕಥೆ ಬೇರೆ.
ಎರಡನ್ನು ಕಣಜ ಒಯ್ದಿತು.
ಒಂದು ತಲೆಕೆಳಗಾಗಿ ನೇತು ಸೊರಗಿ,
ಅದರೊಳಗಿಂದ ನೊಣದ ಮರಿ
ಬಿಳಿ ದಾರ ಬಿಟ್ಟುಕೊಂಡು ನೆಲಕ್ಕಿಳಿಯಿತು.
ಎಂಟು ಮಾತ್ರ ಹಸಿರು ಜುಮುಕಿಯಾಗಿ ತೂಗಿ
ಕಿತ್ತಳೆ ಬಣ್ಣ ಹೊದ್ದು ಹೊರಟವು.

ರೇಷ್ಮೆಯವಳು ನಾನು. ಈ ಬೆರಳಿಗೆ ಬರುವ ನೂಲೆಲ್ಲ
ಕುದಿನೀರಿನಲ್ಲಿ ನಿಂತುಹೋದವರದ್ದು.
ಒಂದು ಸೀರೆಗೆ ಎಷ್ಟು ಸಾವಿರ ಗೂಡು, ಕೇಳಿದವಳಲ್ಲ.
ಈ ಒಂದಕ್ಕೆ ಯಾಕೆ ನಡುರಾತ್ರಿ ಎದ್ದು
ಬ್ಯಾಟರಿ ಬಿಟ್ಟು ನೋಡಿದೆನೋ,
ಅದನ್ನೂ ಕೇಳಬೇಡಿ.

ಕೊನೆಗೆ ಅದೂ ಜುಮುಕಿಯಾಯಿತು,
ಒಂದು ಮಗ್ಗುಲಿಗೆ ಮಸಿಯ ಕಲೆ.
ಹದಿನಾಲ್ಕನೆಯ ಬೆಳಿಗ್ಗೆ ಬಿರಿಯಿತು.
ಬಲರೆಕ್ಕೆ ಮೆಲ್ಲಗೆ ಬಿಡಿಸಿಕೊಂಡಿತು.
ಎಡದ್ದು, ಒದ್ದೆಯಲ್ಲೇ ಗಂಟು ಕಟ್ಟಿಟ್ಟ ಸೆರಗು.
ಕಾದೆವು. ಬಿಚ್ಚಲಿಲ್ಲ.
ಕಿಟಕಿಯ ಕಟ್ಟೆಯುದ್ದಕ್ಕೂ, ನೂಲಿನ ಲಡಿ ದಾಟಿ,
ನನ್ನ ಚಹಾದ ಲೋಟ ಸುತ್ತಿ,
ಬಿಸಿಲು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ
ಸಂಜೆಯವರೆಗೆ ಓಡಾಡಿತು.

ತಿಪ್ಪೇಶಿ ಎಂಟು ಗೀಟಿನ ಮುಂದೆ "ಹಾರಿತು" ಎಂದು ಬರೆದ,
ಮೂರರ ಮುಂದೆ "ಹೋಯಿತು".
ಆಮೇಲೆ ಸೀಮೆಸುಣ್ಣ ಹಿಡಿದು ನಿಂತ:
ಇದಕ್ಕೆ?

ಕಾಲು ಮತ್ತೆ ಗುಂಡಿಗೆ ಇಳಿಸಿದೆ.
"ನಡೆಯಿತು, ಅಂತ ಬರಿ."